ಫರ್ಸಿಯ ಮೇಲೆ ಹರಡಿದ ಕಾದಂಬರಿ

ಔರಾದದ ಹೆಣ್ಣುಮಕ್ಕಳ ಸಾಲೆಗೆ ಟೀಚರ್ ಆಗಿ ಹೋಗುವ ಹೊತ್ತಿಗೆ ನನಗೆ ಕಾದಂಬರಿಯೊಂದನ್ನು ಬರೆಯಬೇಕೆಂಬ ಹುಚ್ಚು ಹಿಡಿದಾಗಿತ್ತು. ಅದೂ ಕನ್ನಡದಲ್ಲಿ. ಹುಚ್ಚು ಎನ್ನುವುದಕ್ಕೆ ಕಾರಣವಿದೆ. ನಾನು ಕಲಿತದ್ದೆಲ್ಲ ಉರ್ದುವಿನಲ್ಲಿ. ನಿಜಾಮರ ಕಾಲದ ಸಾಲೆ. ಲೆಕ್ಕವೂ ಉರ್ದು, ಚರಿತ್ರೆಯೂ ಉರ್ದು. ಕನ್ನಡ ಬಂದದ್ದು ಮನೆಯಿಂದ ಮತ್ತು ಚರ್ಚಿನಿಂದ. ಅಪ್ಪ ಭಾಲ್ಕಿಯಲ್ಲಿ ಮಿಷನ್ನಿನ ಉಪದೇಶಿ. ರವಿವಾರ ಚರ್ಚಿನಲ್ಲಿ ನಡೆಯುವ ಐತಾರದ ಸಾಲೆಯಲ್ಲಿ ಆತ ಹಾಡು ಹೇಳಿಕೊಡುತ್ತಾ ಬೆರಳಿಟ್ಟು ತೋರಿಸಿದ ಅಕ್ಷರಗಳೇ ನನ್ನ ಕನ್ನಡದ ಬಂಡವಾಳ. ಓದಲು ಬರುತ್ತಿತ್ತು. ಬರೆದರೆ ಒತ್ತಕ್ಷರಗಳು ದಾರಿ ತಪ್ಪುತ್ತಿದ್ದವು.

ಔರಾದದಲ್ಲಿ ನಾನಿದ್ದ ಬಾಡಿಗೆ ಕೋಣೆಯಲ್ಲಿ ಇನ್ನೊಬ್ಬ ಟೀಚರ್ ಮೊದಲೇ ಇದ್ದಳು. ಉದಗೀರದವಳು, ಮರಾಠಿ ಮನೆತನ, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಸಾಲೆಯಲ್ಲಿ ಲೆಕ್ಕ ಮತ್ತು ಹೊಲಿಗೆ ಕಲಿಸುತ್ತಿದ್ದಳು. ಎತ್ತರದ ಆಳು, ಕಚ್ಚೆ ಸೀರೆ ಉಟ್ಟು ದಾಪುಗಾಲು ಹಾಕಿ ನಡೆದರೆ ನಾನು ಹಿಂದೆ ಓಡಬೇಕಾಗುತ್ತಿತ್ತು. ಆಗ ಉದಗೀರವೂ ಬೀದರ ಜಿಲ್ಲೆಯೇ. ಕನ್ನಡ, ಮರಾಠಿ, ತೆಲುಗು ಮೂರೂ ಒಂದೇ ಕಚೇರಿಗೆ ಅರ್ಜಿ ಹಾಕಿಕೊಳ್ಳುತ್ತಿದ್ದ ಕಾಲ. ಆಕೆ ಕನ್ನಡ ಚೆನ್ನಾಗಿ ಮಾತಾಡುತ್ತಿದ್ದಳು, ಅಕ್ಷರ ಮಾತ್ರ ಗೊತ್ತಿರಲಿಲ್ಲ. ನಾನು ಆಕೆಯನ್ನು ತಾಈ ಎಂದು ಕರೆಯುತ್ತಿದ್ದೆ. ಮರಾಠಿಯಲ್ಲಿ ಹಾಗಂದರೆ ಅಕ್ಕ. ಭಾಲ್ಕಿಗೆ ಹೋದಾಗಲೆಲ್ಲ ನನ್ನ ಬಾಯಲ್ಲಿ ತಾಈ ಹಿಂಗಂದಳು, ತಾಈ ಹಂಗಂದಳು. ಅದನ್ನು ಕೇಳಿ ಕೇಳಿ ಅವ್ವ ಒಮ್ಮೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು, "ನಾ ಜೀವಂತ ಇರುವಾಗ ಇನ್ನೊಬ್ಬ ತಾಯಿನ್ನ ಎಲ್ಲಿಂದ ಹುಡುಕಿದ್ದಿ?"

ಕಾದಂಬರಿಯ ವಿಷಯವನ್ನು ಆಕೆಗೆ ಮೊದಲು ಹೇಳಿದ್ದು ಒಂದು ಮಳೆಗಾಲದ ಸಂಜೆ. ಹೇಳುವಾಗ ನನಗೆ ಬಹಳ ನಾಚಿಕೆಯಾಗಿತ್ತು. ಚಿಂತಾಕಿ ಕಡೆಯ ಹಳ್ಳಿಯೊಂದರ ವಿಧವೆ. ಹೆರಿಗೆಗೆಂದು ತಂಗಿಯನ್ನು ಬಂಡಿಯಲ್ಲಿ ಹಾಕಿಕೊಂಡು ಬೀದರದ ದವಾಖಾನೆಗೆ ಬರುತ್ತಾಳೆ. ತಂಗಿ ಮಗುವಿನ ಜೊತೆ ಊರಿಗೆ ಹೋಗುತ್ತಾಳೆ, ಇವಳು ಹೋಗುವುದಿಲ್ಲ. ಅಲ್ಲೇ ನೆಲ ಒರೆಸುತ್ತಾ, ಬಟ್ಟೆ ಕುದಿಸುತ್ತಾ, ಕಡೆಗೆ ನರ್ಸ್ ಆಗುತ್ತಾಳೆ. ನನಗೆ ಹೊಳೆದದ್ದು ಇಷ್ಟೇ.

"ಮಗ್?" ಎಂದಳು ಆಕೆ. ಆಮೇಲೆ ಏನು ಎಂದು ಕೇಳುವ ಮರಾಠಿ ಮಾತು.

"ಆಮ್ಯಾಲ ಬರಕೋತ ಹೋದ್ರ ತಾನಾ ಬರ್ತದ."

"ತಾನಾ ಹ್ಯಾಂಗ ಬರ್ತದ? ಅಳತಿ ತಗೊಳ್ಳದ ಕುಪ್ಪಸ ಕತ್ತರಸ್ತೇನು? ಅರಿವಿ ಹಾಳಾಗ್ತದ ಅಷ್ಟ."

ಮರುದಿನ ಸಾಲೆಯಿಂದ ಬರುವಾಗ ಆಕೆ ಸೆರಗಿನಲ್ಲಿ ಸೀಮೆಸುಣ್ಣದ ತುಂಡುಗಳನ್ನು ಕಟ್ಟಿಕೊಂಡು ಬಂದಳು. ನಮ್ಮ ಕೋಣೆಗೆ ಫರ್ಸಿ ಕಲ್ಲು ಹಾಸಿತ್ತು, ಅಗಲವಾದ ಬೂದು ಕಲ್ಲುಗಳು. ಹಾಸಿಗೆ ಸುತ್ತಿಟ್ಟು, ಟ್ರಂಕುಗಳನ್ನು ಗೋಡೆಗೆ ಸರಿಸಿ, ಬಾಗಿಲ ಹತ್ತಿರದ ಕಲ್ಲಿನ ಮೇಲೆ ನಿಂತು, "ಇದು ಮೊದಲನೇ ಅಧ್ಯಾಯ. ಬರಿ, ಏನಾಗ್ತದ?" ಎಂದಳು. ನಾನು ಕುಕ್ಕರಗಾಲಲ್ಲಿ ಕೂತು "ಬಂಡಿ, ತಂಗಿ, ನೋವು" ಎಂದು ಬರೆದೆ. ಕನ್ನಡದಲ್ಲೇ ಬರೆದೆ. ಆಕೆಗೆ ಓದಲು ಬಾರದ್ದರಿಂದ ಪ್ರತಿ ಕಲ್ಲನ್ನೂ ಬಾಯಿಯಿಂದ ಹೇಳಬೇಕಿತ್ತು, ಆಕೆ ಅದನ್ನು ನೆನಪಿಟ್ಟುಕೊಳ್ಳುತ್ತಿದ್ದಳು. ಹಾಗೆ ಬಾಗಿಲಿನಿಂದ ಒಲೆಯವರೆಗೆ ಕಥೆ ಸಾಗಿತು.

ಆ ವರ್ಷವೆಲ್ಲ ನಮ್ಮ ಸಂಜೆಗಳು ಹಾಗೇ ಕಳೆದವು. ಆಕೆ ಒಂದೊಂದೇ ಕಲ್ಲು ತುಳಿಯುತ್ತಾ ಹೋಗುವಳು. ಯಾವುದಾದರೂ ಒಂದು ಕಲ್ಲಿನ ಮೇಲೆ ನಿಂತು ಕಾಲಿನಿಂದ ತಟ್ಟುವಳು.

"ಇಲ್ಲಿ ಏನಾಗ್ತದ?"

"ಇಲ್ಲಿ ಆಕಿ ದವಾಖಾನಿ ನೋಡ್ತಾಳ. ಗಿಡ, ಬಾವಿ, ಘಂಟಿ..."

"ನೋಡೂದು ಕೆಲಸ ಏನು? ಏನರ ಆಗಬೇಕು. ಇಲ್ಲಂದ್ರ ಈ ಕಲ್ಲ ಅಳಿಸು."

ನಾನು ಮುಖ ಸಣ್ಣದು ಮಾಡಿಕೊಂಡು ಒದ್ದೆ ಅರಿವಿಯಿಂದ ಅಳಿಸುತ್ತಿದ್ದೆ. ಮರುದಿನ ಅದೇ ಕಲ್ಲಿನ ಮೇಲೆ ಬೇರೆ ಏನೋ ಬರುತ್ತಿತ್ತು: ಬಾವಿಯ ಹತ್ತಿರ ಯಾರೋ ಇವಳನ್ನು ಗುರುತು ಹಿಡಿಯುತ್ತಾರೆ, ಊರಿಗೆ ಸುದ್ದಿ ಮುಟ್ಟುತ್ತದೆ. ಆಗ ಆಕೆ ಆ ಕಲ್ಲನ್ನು ದಾಟಿ ಮುಂದಿನದಕ್ಕೆ ಕಾಲಿಡುವಳು. ಅಷ್ಟೇ ಆಕೆಯ ಶಭಾಸ್‌ಗಿರಿ. ವಾರಕ್ಕೊಮ್ಮೆ ನೆಲ ಸಾರಿಸುವಾಗ ಎಲ್ಲ ಹೋಗುತ್ತಿತ್ತು. ಮೊದಮೊದಲು ನನಗೆ ಜೀವ ಹೋದಂತಾಗುತ್ತಿತ್ತು. "ನೆನಪಿದ್ದದ್ದು ಬರಿ, ಮರೆತದ್ದು ಬೇಕಾಗಿದ್ದಿಲ್ಲ ಅಂತ ತಿಳಿ," ಎನ್ನುತ್ತಿದ್ದಳು. ಹಾಗೆ ಅಳಿಸಿ ಬರೆದು, ಅಳಿಸಿ ಬರೆದು ಕಥೆ ನನ್ನ ಕೈಬೆರಳಿಗೇ ಪಾಠವಾಗಿತ್ತು.

ಒಂದೇ ಒಂದು ಕಲ್ಲಿಗಾಗಿ ನಾವು ಜಗಳಾಡಿದೆವು. ಒಲೆಯ ಪಕ್ಕದ ಕಡೆಯ ಕಲ್ಲು. ಊರಿನಲ್ಲಿ ವಿಧವೆಯ ಅಪ್ಪ ಹಾಸಿಗೆ ಹಿಡಿದಿದ್ದಾನೆಂದು ಸುದ್ದಿ ಬರುತ್ತದೆ. ನನ್ನ ಕಥೆಯ ನರ್ಸ್, ಕೆಲಸ ಬಿಟ್ಟು, ಮೋಟಾರು ಹತ್ತಿ ಹಳ್ಳಿಗೆ ಹೋಗುತ್ತಾಳೆ. ಅದೇ ಮುಗಿತಾಯ.

"ಹೋಗಬಾರ್ದು," ಎಂದಳು ತಾಈ.

"ಅಪ್ಪ ಸಾಯ್ಲಿಕತ್ತಾನ, ಹೋಗಬಾರ್ದಂದ್ರ ಹ್ಯಾಂಗ?"

"ನೋಡಿ ಬರ್ಲಿ. ಕೆಲಸ ಬಿಟ್ಟು ಯಾಕ ಹೋಗ್ತಾಳ? ಆ ಊರಾಗ ಈಕಿನ್ನ ಯಾರರ ಕಾಯ್ಕೋತ ಕುಂತಾರೇನು? ಕುಂತಾರಂದ್ರ ಅವರನ್ನ ಮೊದಲನೇ ಕಲ್ಲಿನಾಗ ತೋರಸು."

ನಾನು ಒಪ್ಪಲಿಲ್ಲ. ಆಕೆಯೂ ಒಪ್ಪಲಿಲ್ಲ. ಎರಡು ದಿನ ನಾವು ಅಡುಗೆಯ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಮೂರನೆಯ ದಿನ ಆಕೆಯೇ ಸೀಮೆಸುಣ್ಣ ನನ್ನ ಕೈಗಿಟ್ಟು, "ನಿನ್ನ ಕಥಿ. ಹೋಗ್ಲಿ," ಎಂದಳು. ಹಾಗೆ ಕಡೆಯ ಕಲ್ಲಿನ ಮೇಲೆ "ಮೋಟಾರು ಹತ್ತುತ್ತಾಳೆ" ಎಂದು ಬರೆದೆವು.

ಆಮೇಲೆ ನವೆಂಬರ್ ಬಂತು. ಹೈದರಾಬಾದ್ ರಾಜ್ಯ ಹೋಯಿತು, ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಸಾಲೆಯ ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬೂಂದಿ ಹಂಚಿದರು. ಬೀದರದಿಂದ ಬಂದ ಅಧಿಕಾರಿಯೊಬ್ಬರು ಕನ್ನಡದಲ್ಲಿ ಭಾಷಣ ಮಾಡಿದರು. ಕನ್ನಡದಲ್ಲಿ ಸರಕಾರಿ ಭಾಷಣ ಕೇಳಿದ್ದು ನಾನು ಅದೇ ಮೊದಲು, ಮೈಮೇಲೆ ಮುಳ್ಳೆದ್ದವು. ನಮ್ಮ ಮನೆಯ ಮಾತಿಗೆ ಕುರ್ಚಿ ಹಾಕಿ ಕೂಡಿಸಿದಂತೆ ಅನಿಸಿತು. ಚಪ್ಪಾಳೆ ತಟ್ಟುತ್ತಾ ಪಕ್ಕಕ್ಕೆ ತಿರುಗಿದರೆ ತಾಈಯೂ ತಟ್ಟುತ್ತಿದ್ದಳು, ಎಲ್ಲರಿಗಿಂತ ಜೋರಾಗಿ. ಮನೆಗೆ ಬಂದು ಕೈಕಾಲು ತೊಳೆಯುವಾಗ ಮಾತ್ರ ಕೇಳಿದಳು, "ಉದಗೀರ ಮುಂಬೈ ರಾಜ್ಯಕ್ಕ ಹೋತಂತ. ಹಂಗಾರ ನಾ ಇಲ್ಲಿ ಯಾರು?"

"ನೀ ನಮ್ಮ ತಾಈ," ಎಂದೆ.

"ಸರಕಾರಕ್ಕ ಹಂಗಂತ ಬರದು ಕೊಡು," ಎಂದು ನಕ್ಕಳು.

ಸರಕಾರ ಕೇಳಿದ್ದು ಬೇರೆ. ಯಾರು ಯಾವ ರಾಜ್ಯದಲ್ಲಿ ನೌಕರಿ ಮಾಡುತ್ತೀರಿ ಎಂದು. ಉದಗೀರದಲ್ಲಿ ಆಕೆಯ ತಾಯಿ ಒಬ್ಬಳೇ. ಆಕೆ ಆ ಕಡೆ ಬರೆದುಕೊಟ್ಟಳು. ಚಳಿಗಾಲ ಮುಗಿಯುವ ಮುಂಚೆಯೇ ಹುಕುಂ ಬಂತು. ಕಮಲನಗರಕ್ಕೆ ಹೋಗುವ ಮೋಟಾರಿನ ತನಕ ನಾನು ಹೋದೆ. ಅಲ್ಲಿಂದ ಆಕೆ ರೈಲು ಹಿಡಿಯಬೇಕಿತ್ತು. ಟ್ರಂಕು ಮೇಲೆ ಹಾಕಿಸಿ, ಕಿಟಕಿಯ ಪಕ್ಕ ಕೂತು, ಆಕೆ ಹೇಳಿದ್ದು ಕಥೆಯ ಮಾತೇ. "ಬರಿಲಿಕ್ಕಿ ಕುಂತಿ ಅಂದ್ರ ಎಳೀಬ್ಯಾಡ. ಒಂದೇ ಉಸುರಿಗಿ ಬರದು ಮುಗಸು. ಅಳತಿ ಆಗ್ಯದ, ಇನ್ನೇನು, ಹೊಲಿಯೂದಷ್ಟ." ಮೋಟಾರು ಹೊರಟಿತು. ನಾನು ಕೈ ಬೀಸಿದೆ. ಆಕೆ ಕೈ ಬೀಸಲಿಲ್ಲ, ತಲೆ ಹೊರಗೆ ಹಾಕಿ ನೋಡುತ್ತಲೇ ಹೋದಳು.

ಆ ದಿನ ಕೋಣೆಗೆ ಬಂದಾಗ ಆಕೆಯ ಹಾಸಿಗೆ ಇದ್ದ ಜಾಗ ಖಾಲಿ. ಬೇರೊಬ್ಬ ಟೀಚರ್ ಬರುವವರೆಗೆ ನಾನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದೆ.

ಬರೆಯಲು ನನಗೆ ಸಿಕ್ಕದ್ದು ಆ ಬೇಸಿಗೆಯ ಒಂದೇ ತಿಂಗಳು. ಉರ್ದುವಿನಲ್ಲಿ ಕಲಿತ ಟೀಚರುಗಳಿಗೆಲ್ಲ ಕನ್ನಡ ತರಬೇತಿ ಕೊಡುವುದಾಗಿ ಹೇಳಿದ್ದರು, ರಜೆಯ ಉಳಿದ ಭಾಗ ಅದಕ್ಕೆ ಹೋಗುತ್ತಿತ್ತು. ನಾನು ಭಾಲ್ಕಿಗೆ ಬಂದು, ಅಪ್ಪನ ಹತ್ತಿರ ಚರ್ಚಿನ ಪಕ್ಕದ ಸಣ್ಣ ಕೋಣೆಯ ಕೀಲಿ ಕೇಳಿದೆ. ಅಲ್ಲಿ ಹಳೆಯ ಬೆಂಚುಗಳನ್ನು ಒಟ್ಟಿದ್ದರು.

"ಏನ್ ಬರೀತಿ?" ಅಪ್ಪ ಕೇಳಿದ.

"ಕಥಿ."

"ಆಗಿದ್ದೇನು, ಕಟ್ಟಿದ್ದೇನು?"

"ಕಟ್ಟಿದ್ದು."

ಅಪ್ಪ ಗಡ್ಡ ಕೆರೆದುಕೊಂಡ. ಆತನ ಬಾಳಿನಲ್ಲಿ ಕಟ್ಟುಕಥೆಗೆ ಜಾಗವಿರಲಿಲ್ಲ. ಆದರೂ ಸೊಂಟದಿಂದ ಕೀಲಿ ಬಿಚ್ಚಿ ಕೊಟ್ಟು, "ಯಾರ ಮನಸ್ಸೂ ನೋಯಬಾರ್ದು, ನೋಡು," ಎಂದ. ಅವ್ವ ಒಂದು ಬೆಂಚನ್ನು ಒರೆಸಿ ಕೊಟ್ಟಳು.

ಬೆಳಗಿನ ತಂಪಿನಲ್ಲಿ ಕೂತರೆ ಅವ್ವ ರೊಟ್ಟಿ, ಖಾರದ ಹಿಂಡಿ, ಮಜ್ಜಿಗೆ ತಂದು ಬಾಗಿಲಲ್ಲಿ ಕೆಮ್ಮುವ ತನಕ ಬರೆಯುತ್ತಿದ್ದೆ. ಉಂಡು ಮತ್ತೆ ಬರೆಯುತ್ತಿದ್ದೆ. ಸಾಲೆಯಲ್ಲಿ ಉಳಿದ ಉತ್ತರಪತ್ರಿಕೆಯ ಹಾಳೆಗಳು, ಶಾಯಿಯ ದೌತಿ, ಅದರಲ್ಲಿ ಅದ್ದಿ ಬರೆಯುವ ಟಾಕು. ಬೆವರಿಗೆ ಶಾಯಿ ಕದಡಿ ಅಕ್ಷರ ಹರಡುತ್ತಿತ್ತು. ಎದುರಿಗೆ ಯಾವ ನಕ್ಷೆಯನ್ನೂ ಇಟ್ಟುಕೊಂಡಿರಲಿಲ್ಲ. ಕಣ್ಣು ಮುಚ್ಚಿದರೆ ಔರಾದದ ಆ ಕೋಣೆ, ಆ ಕಲ್ಲುಗಳು. ಒಂದು ಅಧ್ಯಾಯ ಮುಗಿದರೆ ಮುಂದಿನ ಕಲ್ಲಿಗೆ ಕಾಲಿಟ್ಟಂತೆ. ನಡುವೆ ಎಲ್ಲೋ ಕಥೆ ನಿಧಾನವಾದರೆ ಒಂದು ಕಾಲು ನೆಲ ತಟ್ಟಿದ ಸದ್ದು ಕೇಳುತ್ತಿತ್ತು, ನಾನು ಹೊಡೆದು ಹಾಕಿ ಮತ್ತೆ ಬರೆಯುತ್ತಿದ್ದೆ. ಇಷ್ಟು ಸರಾಗವಾಗಿ ಬರುತ್ತದೆಂದು ನಾನು ಎಣಿಸಿರಲೇ ಇಲ್ಲ. ಅವ್ವ ಒಂದು ದಿನ ಹಾಳೆಗಳ ದಪ್ಪ ನೋಡಿ, "ಇಷ್ಟೆಲ್ಲ ಮಾತು ನಿನ್ನ ಹೊಟ್ಟ್ಯಾಗ ಇದ್ದವಾ?" ಎಂದು ಗಲ್ಲಕ್ಕೆ ಕೈ ಹಚ್ಚಿದಳು.

ತೊಡಕು ಬಂದದ್ದು ಕಡೆಯಲ್ಲಿ. ನನ್ನ ನರ್ಸನ್ನು ಬೀದರದ ಮೋಟಾರ್ ಸ್ಟ್ಯಾಂಡಿಗೆ ತಂದು ನಿಲ್ಲಿಸಿದೆ. ಗಂಟು ಕೈಗೆ ಕೊಟ್ಟೆ. ಮೋಟಾರು ಬಂತೆಂದು ಬರೆದೆ. ಇನ್ನು ಅವಳು ಹತ್ತಬೇಕು, ಅಷ್ಟೇ. ಹತ್ತಲಿಲ್ಲ. ಬರೆದೆ, ಹರಿದೆ. ಮತ್ತೆ ಬರೆದೆ. ಮೆಟ್ಟಿಲ ಮೇಲೆ ಕಾಲಿಡುವಲ್ಲಿಗೆ ಬರುತ್ತಿದ್ದಂತೆ ನನಗೆ ಕಾಣುತ್ತಿದ್ದದ್ದು ಔರಾದದ ಆ ಕಿಟಕಿ, ಹೊರಗೆ ಚಾಚಿದ ಆ ಮುಖ. ಟಾಕು ಅಲ್ಲೇ ನಿಲ್ಲುತ್ತಿತ್ತು.

ತಡೆಯಲಾರದೆ ಉದಗೀರಕ್ಕೆ ಒಂದು ಕಾರ್ಡು ಬರೆದೆ. ಉರ್ದುವಿನಲ್ಲಿ ಬರೆದೆ. ನಮ್ಮಿಬ್ಬರಿಗೂ ಓದಿ ಬರೆಯಲು ಬರುತ್ತಿದ್ದ ಭಾಷೆ ಅದೊಂದೇ. ಅವಳು ಮೋಟಾರು ಹತ್ತುತ್ತಿಲ್ಲ, ಏನು ಮಾಡಲಿ ಎಂದು ಕೇಳಿದೆ. ಅಂಚೆಯವನ ಸೈಕಲ್ ಗಂಟೆಗೆ ಕಿವಿಗೊಟ್ಟು ದಿನಗಳನ್ನು ಕಳೆದೆ. ಉತ್ತರ ಬಂತು. ಆಕೆಯ ಮದುವೆ ಗೊತ್ತಾಗಿತ್ತು. ಸೊಲ್ಲಾಪುರದ ಮಿಲ್ಲಿನಲ್ಲಿ ಕೆಲಸ ಮಾಡುವ ಗಂಡು. ಹೆಂಡತಿಯನ್ನು ಕಳೆದುಕೊಂಡವರು, ಒಳ್ಳೆಯ ಮನುಷ್ಯ ಎನ್ನುತ್ತಾರೆ, ತನ್ನ ತಾಯಿಯ ಕಣ್ಣು ಮುಚ್ಚುವ ಮುಂಚೆ ಆಗಬೇಕಂತೆ. ನೀನು ಬಾ ಎಂದು ಬರೆದಿದ್ದಳು. ಕಥೆಯ ವಿಷಯ ಒಂದು ಮಾತೂ ಇರಲಿಲ್ಲ. ಮದುವೆಯ ದಿನ ನೋಡಿದರೆ ಅದು ನನ್ನ ತರಬೇತಿ ನಡೆಯುವ ದಿನಗಳಲ್ಲಿತ್ತು.

ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಆ ಬೆಂಚುಗಳ ನಡುವೆ ಬಹಳ ಹೊತ್ತು ಕೂತಿದ್ದೆ. ಸಂಜೆಯಾಗುವ ಹೊತ್ತಿಗೆ ಬರೆಯತೊಡಗಿದೆ. ಮೋಟಾರು ಹೊರಟುಹೋಯಿತು. ಅವಳು ಧೂಳು ಅಡಗುವ ತನಕ ನಿಂತಿದ್ದು, ಗಂಟು ಎತ್ತಿಕೊಂಡು ದವಾಖಾನೆಯ ದಾರಿ ಹಿಡಿದಳು. ಮರುದಿನದ ಮೋಟಾರಿಗೆ ಹೋಗಿ ಅಪ್ಪನನ್ನು ಇಲ್ಲಿಗೇ ಕರೆತರುವುದೆಂದು ದಾರಿಯಲ್ಲಿ ಮನಸ್ಸು ಮಾಡಿದಳು. ಅಲ್ಲಿಗೆ ಕಾದಂಬರಿ ಮುಗಿಯಿತು. ತಿಂಗಳೂ ಮುಗಿದಿತ್ತು.

ತರಬೇತಿಯಲ್ಲಿ ನಮಗೆ ಕಲಿಸಲು ಬಂದವರು ಮೈಸೂರು ಕಡೆಯ ಮೇಷ್ಟರು. ಬಹಳ ಸಜ್ಜನರು. ನನ್ನ ಹಾಳೆಗಳನ್ನು ಕೇಳಿ ಪಡೆದು, ಬಿಡುವಿನಲ್ಲಿ ಓದಿ, ಒತ್ತಕ್ಷರಗಳನ್ನೆಲ್ಲ ತಿದ್ದಿಕೊಟ್ಟರು. "ಕಥೆ ಚೆನ್ನಾಗಿದೆಯಮ್ಮ. ಆದರೆ ಪುಸ್ತಕದಲ್ಲಿ ಈ ಥರ ಮಾತಾಡಿಸಬಾರದು. 'ಹೋಗ್ತೇನಿ' ಅನ್ನೋದು 'ಹೋಗುತ್ತೇನೆ' ಆಗಬೇಕು," ಎಂದರು. ನನಗೂ ಅದೇ ಸರಿ ಎನಿಸಿತು. ಹೊಸದಾಗಿ ಕಲಿತ ಕನ್ನಡದ ಉಮೇದಿನಲ್ಲಿ ಕೂತು ಎಲ್ಲರ ಮಾತನ್ನೂ ತಿದ್ದಿದೆ. ಚಿಂತಾಕಿಯ ವಿಧವೆ, ಬಂಡಿ ಹೊಡೆಯುವವನು, ದವಾಖಾನೆಯ ಆಯಾ, ಎಲ್ಲರೂ ಅಚ್ಚುಕಟ್ಟಾಗಿ ಮಾತಾಡತೊಡಗಿದರು.

ದೀಪಾವಳಿಗೆ ತಾಈ ತೌರಿಗೆ ಬರುತ್ತಾಳೆಂದು ತಿಳಿದು, ನಾನು ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಭಾಲ್ಕಿಯಿಂದ ರೈಲು ಹತ್ತಿದೆ. ಕಮಲನಗರ ದಾಟಿದ ಮೇಲೆ ಬೇರೆ ರಾಜ್ಯ. ಕಿಟಕಿಯಿಂದ ಬಗ್ಗಿ ಬಗ್ಗಿ ನೋಡಿದೆ. ಅದೇ ಜೋಳ, ಅದೇ ತೊಗರಿ, ಅದೇ ಕರಿ ಮಣ್ಣು. ಎಲ್ಲಿ ನಮ್ಮದು ಮುಗಿಯಿತು ಎಂದು ಗೊತ್ತಾಗಲಿಲ್ಲ.

ಆಕೆ ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡಳು. ಕೈತುಂಬ ಹಸಿರು ಬಳೆ. ಸ್ವಲ್ಪ ಬಾಡಿದ್ದಳು. ಮಧ್ಯಾಹ್ನ ಅಂಗಳದ ನೆರಳಿನಲ್ಲಿ ಚಾಪೆ ಹಾಸಿ, "ಓದು" ಎಂದಳು. ಆಕೆಯ ತಾಯಿಯೂ ಒಂದು ಮೊರದಲ್ಲಿ ಅಕ್ಕಿ ಹಾಕಿಕೊಂಡು ಹಸನು ಮಾಡುತ್ತಾ ಹತ್ತಿರ ಕೂತಳು. ನಾನು ಓದತೊಡಗಿದೆ. ಬಂಡಿ ಬಂತು, ತಂಗಿ ನರಳಿದಳು, ಅಕ್ಕ ಮಾತಾಡಿದಳು. ತಾಈ ಕೈ ಎತ್ತಿದಳು.

"ಇದು ಯಾರ ಮಾತು?"

"ಆಕಿದೇ. ನಮ್ಮಾಕಿದು."

"ಅಲ್ಲ. ನಮ್ಮಾಕಿ ಹಿಂಗ ಮಾತಾಡಾಂಗಿಲ್ಲ. ಈಕಿ ಯಾರೋ ಕಚೇರಿಯವರ ಹೆಂಡ್ತಿ ಇದ್ದಾಂಗ ಅದಾಳ."

"ಪುಸ್ತಕದಾಗ ಹಿಂಗಾ ಬರೀಬೇಕಂತ, ತಾಈ."

"ಪುಸ್ತಕ ಹಾಳಾಗಿ ಹೋಗ್ಲಿ. ತಂಗಿ ಬ್ಯಾನಿ ತಿನ್ಲಿಕತ್ತಾಳ, ಬಂಡಿ ಕೆಸರ ಹುದಲಾಗ ಸಿಕ್ಕದ. ಆಗ ಆಕಿ ಏನಂತಾಳ?" ಆಕೆ ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಣದ ಬಂಡಿಯವನಿಗೆ ಕೂಗಿದಳು, "ಏ ಅಣ್ಣಾ, ಎತ್ತಿನ ಬಾಲ ಮುರಿಯೋ! ನನ್ನ ತಂಗಿ ಹೋಗ್ತಾಳೋ ಯಪ್ಪಾ!"

ಆಕೆಯ ತಾಯಿ ಅಕ್ಕಿಯ ಮೊರ ಕೆಳಗಿಟ್ಟು ನೋಡಿದಳು. ನನಗೆ ಕಣ್ಣಲ್ಲಿ ನೀರು ಬಂತು. ಔರಾದದ ಕೋಣೆಯಲ್ಲಿ ಇಬ್ಬರೂ ಕೂಡಿ ಬದುಕಿಸಿದ ಹೆಂಗಸು ಅವಳೇ. ಪೆನ್ಸಿಲು ತೆಗೆದು ಸಾಲುಗಳ ನಡುವೆ ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ. ಆ ದಿನ, ಮರುದಿನ, ಹಬ್ಬದ ಎಣ್ಣೆ ಬಾಣಲೆಯ ಮುಂದೆ ಕೂತೂ ಓದಿದೆವು. ಅರ್ಧದ ಮಟ್ಟಿಗೆ ಬಂದಿದ್ದೆವು. ಅಷ್ಟರಲ್ಲಿ ಆಕೆಯ ಗಂಡ ಕರೆದೊಯ್ಯಲು ಬಂದರು. ಮೆತ್ತಗಿನ ಮನುಷ್ಯ, ನನಗೆ ಕೈ ಮುಗಿದರು, ಇನ್ನೊಂದು ದಿನ ಇರಲಿಕ್ಕೆ ಮಿಲ್ಲಿನ ರಜೆ ಇಲ್ಲವೆಂದು ಬಹಳ ಸಂಕೋಚಪಟ್ಟರು.

ಟ್ರಂಕಿಗೆ ಸೀರೆ ಮಡಿಸಿಡುತ್ತಾ ತಾಈ ಕೇಳಿದಳು, "ಕಡಿಗಿ ಹೋದ್ಲೇನು ಆಕಿ ಊರಿಗಿ?"

"ಇಲ್ಲ. ಮೋಟಾರ್ ಬಿಟ್ಟುಬಿಟ್ಟಳು."

ಮಡಿಸುತ್ತಿದ್ದ ಕೈ ನಿಂತಿತು. "ನಾ ಹೇಳಿದ್ದ ಕೇಳಿದಿ ನೋಡು," ಎಂದಳು. ಸೀರೆಯ ಮಡಿಕೆಯನ್ನು ಮತ್ತೆ ಸರಿಮಾಡುತ್ತಾ, ನನ್ನ ಕಡೆ ನೋಡದೆ, "ನಾ ನೌಕರಿ ಬಿಟ್ಟೆ, ಗೊತ್ತೇನು? ಸೊಲ್ಲಾಪುರದಾಗ ಸಾಲಿ ಬ್ಯಾಡ ಅಂದ್ರು," ಎಂದಳು. ನಾನು ಆಕೆಯ ಕೈ ಹಿಡಿದುಕೊಂಡೆ. ಉಳಿದರ್ಧ ಮುಂದಿನ ದೀಪಾವಳಿಗೆ ಎಂದು ಇಬ್ಬರೂ ಮಾತಾಡಿಕೊಂಡೆವು.

ಮುಂದಿನ ದೀಪಾವಳಿಗೆ ಆಕೆ ಬಸುರಿ, ಬರಲಿಲ್ಲ. ಅದರ ಮುಂದಿನ ವರ್ಷ ನನ್ನ ಮದುವೆಯಾಗಿತ್ತು. ಉಳಿದರ್ಧದ ಮಾತುಗಳನ್ನು ನಾನೊಬ್ಬಳೇ ಕೂತು, ಆಕೆ ಎದ್ದು ನಿಂತು ಹೇಳಿದರೆ ಹೇಗೆ ಹೇಳುತ್ತಿದ್ದಳೆಂದು ಕಿವಿಗೊಟ್ಟು ಕೇಳಿ, ಮತ್ತೆ ಬರೆದೆ. ಪುಸ್ತಕ ಬಹಳ ತಡವಾಗಿ ಅಚ್ಚಾಯಿತು. ಭಾಷೆ ಒರಟೆಂದು ಕೆಲವರು ಬರೆದರು. ಬೀದರದ ದವಾಖಾನೆಯಲ್ಲಿ ನರ್ಸುಗಳು ಒಬ್ಬರಿಂದೊಬ್ಬರು ಇಸಿದುಕೊಂಡು ಓದಿ ಓದಿ ಪ್ರತಿ ಹರಿದೇ ಹೋಗಿದೆಯೆಂದು ತಿಳಿದಾಗ ನನಗೆ ಹಬ್ಬವಾಯಿತು. ಒಂದು ಪ್ರತಿಯನ್ನು ಸೊಲ್ಲಾಪುರಕ್ಕೆ ಕಳಿಸಿದೆ. "ಪುಸ್ತಕ ಬಂತು. ಇಲ್ಲಿ ಇದನ್ನು ಓದಿ ಹೇಳುವವರನ್ನು ಹುಡುಕುತ್ತಿದ್ದೇನೆ," ಎಂದು ಉರ್ದುವಿನಲ್ಲಿ ಉತ್ತರ ಬಂತು. ಯಾರಾದರೂ ಸಿಕ್ಕರೋ ಇಲ್ಲವೋ ತಿಳಿಯಲಿಲ್ಲ. ಕಾರ್ಡುಗಳು ವರ್ಷಕ್ಕೊಂದಾದವು. ಮುಂದೆ ನಾನು ಬರೆದದ್ದು ಹಾಗೇ ವಾಪಸು ಬಂತು. ಆ ವಿಳಾಸದಲ್ಲಿ ಅವರು ಇರಲಿಲ್ಲ.

ಆಮೇಲೂ ಕಾದಂಬರಿಗಳನ್ನು ಬರೆದೆ. ಬೀದರದ ನಮ್ಮ ಮನೆಯಲ್ಲಿ ಮೇಜಿದೆ, ಬೇಕಾದಷ್ಟು ಕಾಗದವಿದೆ. ಬರೆಯುವ ಮುಂಚೆ ಕಥೆಯನ್ನು ಕಟ್ಟಿಕೊಳ್ಳುವ ರೂಢಿ ಬಿಡಲಿಲ್ಲ, ರಜೆಯ ತಿಂಗಳಲ್ಲಿ ಮುಗಿಸುವ ರೂಢಿಯನ್ನೂ ಬಿಡಲಿಲ್ಲ. ಓದಿದವರು ಈಗಿನವು ಹೆಚ್ಚು ಸುಧಾರಿಸಿವೆ ಎನ್ನುತ್ತಾರೆ. ಇರಬಹುದು. ನಡುವೆ ತಡೆದು ಜಗಳಾಡುವವರು ಯಾರೂ ಇಲ್ಲದೆ ಬರೆದವು ಅವು.

ನೌಕರಿಯಿಂದ ನಿವೃತ್ತಳಾದ ಮೇಲೆ ಒಮ್ಮೆ ಕಮಲನಗರದ ಸಾಲೆಯೊಂದಕ್ಕೆ ಕರೆದಿದ್ದರು. ಕಾರ್ಯಕ್ರಮ ಬೇಗ ಮುಗಿಯಿತು. ಸ್ಟೇಷನ್ನಿಗೆ ಬಂದರೆ ಎದುರಿನಿಂದ ಉದಗೀರದ ಕಡೆ ಹೋಗುವ ಗಾಡಿ ಬಂದು ನಿಂತಿತು. ಏನೂ ಯೋಚಿಸದೆ ಹತ್ತಿದೆ. ಓಣಿ ನೆನಪಿತ್ತು. ಮನೆಯನ್ನು ಹೊಸದಾಗಿ ಕಟ್ಟಿದ್ದರು. ಬಾಗಿಲು ತೆರೆದ ಹುಡುಗಿ ಮರಾಠಿಯಲ್ಲಿ, ಆ ಮುದುಕಿ ತೀರಿಕೊಂಡು ಬಹಳ ವರ್ಷವಾಯಿತು, ಮಗಳೆಲ್ಲಿದ್ದಾಳೋ ನಮಗೆ ಗೊತ್ತಿಲ್ಲ ಎಂದಳು. ನೀರು ಕೊಟ್ಟಳು. ಕುಡಿದು, ಸಂಜೆಯ ಗಾಡಿಗೆ ಹಿಂದಿರುಗಿದೆ.

ಎದುರು ಸೀಟಿನಲ್ಲಿ ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡ ಹೆಂಗಸು ಕೂತಿದ್ದಳು. ನನ್ನ ಮುಖವನ್ನು ನೋಡಿ ನೋಡಿ ಕೇಳಿದಳು, "ಎಲ್ಲಿಗಿ ಹೋಗಿದ್ರಿ, ಬಾಯಾರ?"

"ಅಕ್ಕನ ಮನಿಗ್ರಿ."

"ಭೇಟಿ ಆದ್ರೇನ್ರಿ?"

"ಇಲ್ಲರಿ. ಮನ್ಯಾಗ ಇದ್ದಿಲ್ಲ."

ಆಕೆ ಬುಟ್ಟಿಯೊಳಗೆ ಕೈ ಹಾಕಿ, ಹಣ್ಣಾದ ಒಂದು ಪೇರಲವನ್ನು ಆರಿಸಿ, ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು.